ಆಂಟಿವೈರಸ್ ಹೋಯಿತು, ಎರರ್ ಉಳಿಯಿತು: ಯಾವ ತೊಂದರೆಗೆ ಯಾವ ಮದ್ದು?

ಚಂದಾ ಮುಗಿದ ಆಂಟಿವೈರಸ್ಸನ್ನು ಕಂಪ್ಯೂಟರಿನಿಂದ ತೆಗೆದ ಮೇಲೆ ಶುರುವಾಗುವ ತಕರಾರುಗಳಿಗೆ ನಮ್ಮ ಕಡೆಯ ಬಹುತೇಕ ಅಂಗಡಿಗಳಲ್ಲಿ ಒಂದೇ ಉತ್ತರ ಸಿಗುತ್ತದೆ: ‘ಫಾರ್ಮ್ಯಾಟ್ ಹೊಡೀಬೇಕು.’ ನನಗಿದು ಸುತರಾಂ ಒಪ್ಪಿಗೆಯಿಲ್ಲ. ನೆಂಟರಿಷ್ಟರ ಲ್ಯಾಪ್‌ಟಾಪುಗಳು, ಗೆಳೆಯನ ಡಿಟಿಪಿ ಅಂಗಡಿಯ ಹಳೇ ಡೆಸ್ಕ್‌ಟಾಪುಗಳು ಎಂದು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಈ ತೊಂದರೆಯನ್ನು ಬಿಡಿಸುತ್ತ ಬಂದಿದ್ದೇನೆ. ಫಾರ್ಮ್ಯಾಟ್ ನಿಜಕ್ಕೂ ಬೇಕಾದದ್ದು ತೀರಾ ಅಪರೂಪ. ಅದಕ್ಕಿಂತ ಸಣ್ಣ, ಸುರಕ್ಷಿತ ದಾರಿಗಳು ಹಲವಿವೆ. ಯಾವ ಎರರ್‌ಗೆ ಯಾವುದು ಒದಗುತ್ತದೆ ಎಂಬುದು ತಿಳಿದಿರಬೇಕು, ಅಷ್ಟೇ.

ಅದನ್ನು ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ: ಎರರ್ ಬರುವುದು ಪಾಸ್‌ವರ್ಡ್ ಹಾಕುವ ಮೊದಲೋ, ಆಮೇಲೋ?

ಪಾಸ್‌ವರ್ಡ್ ಹಾಕಿ ಡೆಸ್ಕ್‌ಟಾಪ್ ಕಾಣಿಸಿದ ಮೇಲೆ ‘ರನ್‌ಡಿಎಲ್‌ಎಲ್’ ಎಂಬ ತಲೆಬರಹದ ಪುಟ್ಟ ಪೆಟ್ಟಿಗೆ ಬಂದು, ಇಂಥ ಮಾಡ್ಯೂಲ್ ಸಿಗಲಿಲ್ಲ ಎಂದರೆ ಗಾಬರಿಪಡುವಂಥದ್ದೇನೂ ಇಲ್ಲ. ಫೈಲ್ ಅಳಿಸಿಹೋಗಿದೆ, ಆದರೆ ಅದನ್ನು ಚಾಲೂ ಮಾಡು ಎಂಬ ಆದೇಶ ರಿಜಿಸ್ಟ್ರಿಯಲ್ಲೋ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಟಾಸ್ಕ್ ಶೆಡ್ಯೂಲರ್‌ನಲ್ಲೋ (ಗೊತ್ತುಮಾಡಿದ ಕೆಲಸಗಳನ್ನು ತಾನಾಗಿ ಶುರುಮಾಡಿಸುವ ವ್ಯವಸ್ಥೆ) ಉಳಿದುಕೊಂಡಿದೆ. ಮನೆ ಖಾಲಿ ಮಾಡಿಹೋದವರ ಹೆಸರಿಗೆ ಇನ್ನೂ ಕಾಗದ ಬರುತ್ತಿರುವ ಹಾಗೆ. ಕೆಲವೊಮ್ಮೆ ಆ ಆದೇಶ ಆಂಟಿವೈರಸ್ಸಿನದೂ ಆಗಿರುವುದಿಲ್ಲ. ಹಿಂದೆಂದೋ ಆಂಟಿವೈರಸ್ ಒಂದು ವೈರಸ್ಸಿನ ಫೈಲನ್ನು ಅಳಿಸಿ, ಅದರ ಆದೇಶವನ್ನು ಹಾಗೇ ಬಿಟ್ಟಿರುತ್ತದೆ.

ಪಾಸ್‌ವರ್ಡ್ ಪರದೆಗೂ ಮೊದಲೇ ನೀಲಿ ಪರದೆ (ವಿಂಡೋಸ್ ಕುಸಿದು ನಿಂತಾಗ ಬರುವ ಎರರ್ ಪರದೆ) ಬಂದರೆ, ಅಥವಾ ಆ ಪರದೆಯಲ್ಲಿ ಕೀಬೋರ್ಡ್ ಕೆಲಸ ಮಾಡದಿದ್ದರೆ ಕಥೆ ಬೇರೆ. ಅಲ್ಲಿ ಉಳಿದಿರುವುದು ಡ್ರೈವರ್, ಅಂದರೆ ವಿಂಡೋಸ್‌ನ ಒಳಗೇ ಸೇರಿಕೊಂಡು ಡಿಸ್ಕು, ಕೀಬೋರ್ಡುಗಳಂಥ ಭಾಗಗಳೊಡನೆ ವ್ಯವಹರಿಸುವ ತಂತ್ರಾಂಶ. ಆಂಟಿವೈರಸ್ ಸಾಮಾನ್ಯ ತಂತ್ರಾಂಶದಂತಲ್ಲ. ಪ್ರತಿ ಫೈಲನ್ನೂ ತೆರೆಯುವ ಮೊದಲು ಪರೀಕ್ಷಿಸಬೇಕಾದ್ದರಿಂದ ಅದು ವಿಂಡೋಸ್‌ನ ತಳಪಾಯದಲ್ಲೇ ಕೂತು, ಎಲ್ಲಕ್ಕೂ ಮೊದಲು ಲೋಡ್ ಆಗುತ್ತದೆ. ಆ ಜಾಗದಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು. ಅಂದು ಎಷ್ಟೋ ಕಡೆ ಸೇಫ್ ಮೋಡ್‌ಗೆ (ತೀರಾ ಅಗತ್ಯವಾದಷ್ಟನ್ನೇ ಲೋಡ್ ಮಾಡಿಕೊಂಡು ವಿಂಡೋಸ್ ಏಳುವ ವಿಧಾನ) ಹೋಗಿ ಒಂದು ಫೈಲ್ ಅಳಿಸಿದ್ದೇ ಪರಿಹಾರವಾಯಿತು, ಫಾರ್ಮ್ಯಾಟ್ ಅಲ್ಲ.

ಈಗ ಮದ್ದುಗಳಿಗೆ ಬರೋಣ. ಪೆಟ್ಟಿಗೆ ಬರುವ ಸರಳ ತೊಂದರೆಗೆ ಎರಡು ದಾರಿಗಳಿವೆ: ಟಾಸ್ಕ್ ಮ್ಯಾನೇಜರ್ ಮತ್ತು ಆಟೋರನ್ಸ್.

ಟಾಸ್ಕ್ ಮ್ಯಾನೇಜರ್ ವಿಂಡೋಸ್‌ನಲ್ಲೇ ಇದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಸ್ಟಾರ್ಟಪ್ ವಿಭಾಗಕ್ಕೆ ಹೋದರೆ ತಾವಾಗಿ ಶುರುವಾಗುವ ತಂತ್ರಾಂಶಗಳ ಪಟ್ಟಿ ಕಾಣುತ್ತದೆ. (ವಿಂಡೋಸ್ 7ರವರೆಗೆ ಈ ಪಟ್ಟಿ ಎಂಎಸ್‌ಕಾನ್ಫಿಗ್‌ನಲ್ಲಿತ್ತು, 8ರಿಂದ ಇಲ್ಲಿಗೆ ಬಂದಿದೆ.) ಐಕಾನ್ ಇಲ್ಲದೆ ಬರೀ ‘ಪ್ರೋಗ್ರಾಂ’ ಎಂದಷ್ಟೇ ಬರೆದ ಸಾಲು ಕಂಡರೆ ಅದರ ಮೇಲೆ ಅನುಮಾನವಿರಲಿ. ಕಾಲಂಗಳ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಮಾಂಡ್ ಲೈನ್’ ಆರಿಸಿದರೆ ಅದು ಯಾವ ಫೈಲನ್ನು ಹುಡುಕುತ್ತಿದೆ ಎಂಬುದು ಗೊತ್ತಾಗುತ್ತದೆ. ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ. ಆದರೆ ಈ ಸ್ಟಾರ್ಟಪ್ ಪಟ್ಟಿಯ ಕಣ್ಣಿಗೆ ಶೆಡ್ಯೂಲರ್‌ನ ಕೆಲಸಗಳಾಗಲಿ, ಸರ್ವಿಸ್‌ಗಳಾಗಲಿ, ಡ್ರೈವರ್‌ಗಳಾಗಲಿ ಬೀಳುವುದಿಲ್ಲ. ಗೆಳೆಯನ ಅಂಗಡಿಯ ಕಂಪ್ಯೂಟರಿನಲ್ಲಿ ಪಟ್ಟಿಯೆಲ್ಲ ಶುದ್ಧವಾಗಿದ್ದರೂ ಪೆಟ್ಟಿಗೆ ಮಾತ್ರ ಬರುತ್ತಲೇ ಇತ್ತು. ಆದೇಶ ಅಡಗಿದ್ದದ್ದು ಶೆಡ್ಯೂಲರ್‌ನಲ್ಲಿ.

ಅದನ್ನು ಹಿಡಿದುಕೊಟ್ಟದ್ದು ಆಟೋರನ್ಸ್. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್‌ನ ಉಪಕರಣವಿದು. 2006ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡಿತು, ಹಾಗಾಗಿ ಈಗ ಮೈಕ್ರೋಸಾಫ್ಟ್‌ನ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಜಿಪ್ ಬಿಚ್ಚಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಸಾಕು. ರಿಜಿಸ್ಟ್ರಿಯಲ್ಲಿ ಸ್ಟಾರ್ಟಪ್ ಆದೇಶಗಳಿರುವ ರನ್ ಕೀಗಳಿಂದ ಹಿಡಿದು ಡ್ರೈವರ್‌ವರೆಗೆ, ತಾನಾಗಿ ಶುರುವಾಗುವ ಪ್ರತಿಯೊಂದನ್ನೂ ಒಂದೇ ಕಡೆ ತೋರಿಸುತ್ತದೆ. ಫೈಲ್ ಇಲ್ಲದ ಸಾಲುಗಳು ಹಳದಿ ಬಣ್ಣದಲ್ಲಿರುತ್ತವೆ. ನಮಗೆ ಬೇಕಾದ್ದು ಅವೇ. ಮೊದಲು ಆಯ್ಕೆಗಳಲ್ಲಿ ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ಆಮೇಲೆ ಎರರ್ ಪೆಟ್ಟಿಗೆಯಲ್ಲಿ ಕಂಡ ಫೈಲಿನ ಹೆಸರನ್ನೇ ಹುಡುಕಿ. ಸಿಕ್ಕ ತಕ್ಷಣ ಡಿಲೀಟ್ ಮಾಡಬೇಡಿ, ಮುಂದಿನ ಟಿಕ್ ಗುರುತನ್ನಷ್ಟೇ ತೆಗೆಯಿರಿ. ಒಂದೆರಡು ದಿನ ಎಲ್ಲ ಸರಿಯಾಗಿದ್ದರೆ ಆಮೇಲೆ ಅಳಿಸಬಹುದು. ಹಳದಿ ಕಂಡದ್ದನ್ನೆಲ್ಲ ಒಂದೇ ಏಟಿಗೆ ತೆಗೆಯಲು ಹೋಗಬಾರದು, ಏಕೆಂದರೆ ಆರೋಗ್ಯವಾಗಿರುವ ವಿಂಡೋಸ್‌ನಲ್ಲೂ ಕೆಲವು ಹಳದಿ ಸಾಲುಗಳಿರುತ್ತವೆ. ಪೆಟ್ಟಿಗೆಯ ತೊಂದರೆಗೆ ಇಷ್ಟು ಸ್ಪಷ್ಟವಾಗಿ ಕಾರಣ ತೋರಿಸುವ ಇನ್ನೊಂದು ಸಾಧನ ನನಗೆ ಸಿಕ್ಕಿಲ್ಲ.

ಇದೇ ಆಟೋರನ್ಸ್‌ನಲ್ಲಿ ಡ್ರೈವರ್ ವಿಭಾಗಕ್ಕೆ ಮಾತ್ರ ನಾನು ಕೈಹಾಕುವುದಿಲ್ಲ. ಕಾರಣ ಹೇಳುತ್ತೇನೆ. ಕೆಲವು ಆಂಟಿವೈರಸ್‌ಗಳು ನಾವು ಒತ್ತುವ ಕೀಗಳನ್ನು ಯಾರೂ ಕದಿಯದಿರಲಿ ಎಂದು ಕೀಬೋರ್ಡಿಗೂ ಒಂದು ಡ್ರೈವರ್ ಕೂರಿಸುತ್ತವೆ. ಅದರ ಹೆಸರು ರಿಜಿಸ್ಟ್ರಿಯಲ್ಲಿ ‘ಅಪ್ಪರ್ ಫಿಲ್ಟರ್ಸ್’ ಎಂಬಲ್ಲಿ ದಾಖಲಾಗಿರುತ್ತದೆ. ಡ್ರೈವರ್ ಹೋಗಿ ಹೆಸರು ಉಳಿದರೆ ವಿಂಡೋಸ್ ಕೀಬೋರ್ಡನ್ನೇ ಶುರುಮಾಡುವುದಿಲ್ಲ. ನೆಂಟರೊಬ್ಬರ ಲ್ಯಾಪ್‌ಟಾಪಿಗೆ ಆದದ್ದು ಇದೇ. ಪಾಸ್‌ವರ್ಡ್ ಹೊಡೆಯಲು ಕೀಲಿಗಳೇ ಏಳಲಿಲ್ಲ. ಪರದೆಯ ಮೇಲಿನ ಕೀಬೋರ್ಡನ್ನು ಮೌಸಿನಿಂದ ಒತ್ತುತ್ತ ಒಳಗೆ ಹೋಗಬೇಕಾಯಿತು. ಡಿಸ್ಕಿನ ವಿಷಯದಲ್ಲಿ ಹೀಗೇ ಆದರೆ ವಿಂಡೋಸ್ ಏಳುವುದೇ ಇಲ್ಲ.

ಇಂಥಲ್ಲಿ ಗೆಲ್ಲುವುದು ಆಂಟಿವೈರಸ್ ತಯಾರಕರೇ ಕೊಡುವ ತೆಗೆಯುವ ಸಾಧನ. ಮ್ಯಾಕಫಿಗೆ ಎಂಸಿಪಿಆರ್, ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಕ್ಯಾಸ್ಪರ್‌ಸ್ಕೈಗೆ ಕೆಎವಿ ರಿಮೂವರ್, ನಾರ್ಟನ್‌ಗೆ ರಿಮೂವ್ ಆ್ಯಂಡ್ ರೀಇನ್‌ಸ್ಟಾಲ್, ಇಸೆಟ್‌ಗೆ ಅದರದೇ ಅನ್‌ಇನ್‌ಸ್ಟಾಲರ್. ತಾವು ಎಲ್ಲೆಲ್ಲಿ ಏನೇನು ಬರೆದಿದ್ದೇವೆ ಎಂಬುದು ಅವರಿಗೇ ಗೊತ್ತು, ಅಳಿಸುವ ಕ್ರಮವೂ ಅವರಿಗೇ ಗೊತ್ತು. ನೆಂಟರ ಕೀಬೋರ್ಡ್ ಮತ್ತೆ ಎದ್ದದ್ದು ಇದರಿಂದಲೇ. ವಿಂಡೋಸ್ ಸೆಕ್ಯುರಿಟಿಯಲ್ಲಿ ಹಳೇ ಆಂಟಿವೈರಸ್ಸಿನ ಹೆಸರು ಅಂಟಿಕೊಂಡಿದ್ದರೆ ಅದೂ ಸಾಮಾನ್ಯವಾಗಿ ಇದರಿಂದ ಹೋಗುತ್ತದೆ. ಕೊರತೆಯೆಂದರೆ ಒಂದರ ಸಾಧನ ಇನ್ನೊಂದಕ್ಕೆ ನಡೆಯದು, ಕೆಲವಕ್ಕೆ ಸೇಫ್ ಮೋಡ್ ಬೇಕು. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಇಂಥ ಹೆಸರಿಟ್ಟುಕೊಂಡ ನಕಲಿ ತಂತ್ರಾಂಶಗಳಿಗೆ ಕೊರತೆಯಿಲ್ಲ.

ರಿಜಿಸ್ಟ್ರಿಯನ್ನು ಕೈಯಾರೆ ತಿದ್ದುವುದೂ ಸಾಧ್ಯ. ಅಪ್ಪರ್ ಫಿಲ್ಟರ್ಸ್‌ನಲ್ಲಿ ಆಂಟಿವೈರಸ್ಸಿನ ಹೆಸರನ್ನಷ್ಟೇ ಅಳಿಸಿ, ‘ಕೆಬಿಡಿಕ್ಲಾಸ್’ ಎಂಬುದನ್ನು ಉಳಿಸಬೇಕು. ಅದನ್ನೂ ಅಳಿಸಿದರೆ ಕೀಬೋರ್ಡ್ ಪೂರ್ತಿ ಹೋಗುತ್ತದೆ. ತಯಾರಕರ ಸಾಧನ ಸಿಗದೇ ಹೋದಾಗ ಮಾತ್ರ, ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಈ ಕೆಲಸಕ್ಕೆ ಇಳಿಯಿರಿ. ಒಂದೇ ಕ್ಲಿಕ್ಕಿಗೆ ರಿಜಿಸ್ಟ್ರಿ ಶುದ್ಧ ಮಾಡುತ್ತೇವೆನ್ನುವ ಕ್ಲೀನರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಸಿಸ್ಟಮ್ ರೀಸ್ಟೋರ್. ನೀಲಿ ಪರದೆ ಬರುತ್ತಿದ್ದರೆ, ತೆಗೆದದ್ದು ಇತ್ತೀಚೆಗಾದರೆ, ಹಿಂದಿನ ರೀಸ್ಟೋರ್ ಪಾಯಿಂಟ್ (ವಿಂಡೋಸ್ ಉಳಿಸಿಟ್ಟ ಹಳೇ ಸ್ಥಿತಿಯ ದಾಖಲೆ) ಇದ್ದರೆ ನನ್ನ ಮೊದಲ ಆಯ್ಕೆ ಇದು. ಕಡತ, ಫೋಟೋಗಳನ್ನು ಮುಟ್ಟದೆ ರಿಜಿಸ್ಟ್ರಿ ಮತ್ತು ಡ್ರೈವರ್‌ಗಳನ್ನು ಹಿಂದಿನ ಸ್ಥಿತಿಗೆ ಒಯ್ಯುತ್ತದೆ. ವಿಂಡೋಸ್ ಮೇಲಿಂದ ಮೇಲೆ ಏಳಲು ಸೋತಾಗ ತಾನಾಗಿ ಬರುವ ರಿಕವರಿ ಪರದೆಯಿಂದಲೇ ಇದನ್ನು ನಡೆಸಬಹುದು. ಅರೆಬರೆಯಾಗಿ ಆಂಟಿವೈರಸ್ ಮರಳಿ ಬರುತ್ತದೆ ನಿಜ, ಆದರೆ ಕಂಪ್ಯೂಟರ್ ಏಳುತ್ತದಲ್ಲ! ಆಮೇಲೆ ತಯಾರಕರ ಸಾಧನದಿಂದ ಕ್ರಮವಾಗಿ ತೆಗೆದರಾಯಿತು. ಅಡಚಣೆಯೆಂದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಆಗಿರುತ್ತದೆ, ಹಿಂದಿರುಗಲು ಪಾಯಿಂಟೇ ಇರುವುದಿಲ್ಲ.

ಆಗ ಉಳಿಯುವುದು ಸೇಫ್ ಮೋಡ್. ವಿಂಡೋಸ್ 10, 11ರಲ್ಲಿ ರಿಕವರಿ ಪರದೆಯ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 4 ಒತ್ತಬೇಕು. ಅಲ್ಲೇ 8 ಒತ್ತಿದರೆ, ಎಲ್ಲಕ್ಕೂ ಮೊದಲು ಏಳುವ ಭದ್ರತಾ ಡ್ರೈವರ್ ಆ ಒಂದು ಸಲಕ್ಕೆ ತಡೆಯಲ್ಪಡುತ್ತದೆ. ಕೆಲವೊಮ್ಮೆ ಒಳಗೆ ಹೋಗಲು ಅಷ್ಟೇ ಸಾಕು. ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಓಡುವುದಿಲ್ಲ, ಆದ್ದರಿಂದ ಕಂಟ್ರೋಲ್ ಪ್ಯಾನೆಲ್‌ನ ಅನ್‌ಇನ್‌ಸ್ಟಾಲ್ ಅಲ್ಲಿ ಕೈಕೊಡಬಹುದು. ತಯಾರಕರ ಸಾಧನವನ್ನು ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಹೋಗಿ. ಹೊಸ ಲ್ಯಾಪ್‌ಟಾಪಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊದಲೇ ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.

ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಅದು ವಿಂಡೋಸ್‌ನ ಸ್ವಂತ ಫೈಲುಗಳು ಕೆಟ್ಟಿದ್ದರೆ ಸರಿಪಡಿಸುತ್ತದೆ, ಆಂಟಿವೈರಸ್ ಬಿಟ್ಟುಹೋದದ್ದನ್ನು ಮುಟ್ಟುವುದೇ ಇಲ್ಲ. ಹಾನಿಯಿಲ್ಲ, ಆದರೆ ಈ ತೊಂದರೆಗೆ ಅದು ಮದ್ದಲ್ಲ.

ಕೊನೆಗೆ ರೀಸೆಟ್ ಮತ್ತು ಫಾರ್ಮ್ಯಾಟ್. ಎರಡರ ನಡುವೆ ಆರಿಸುವುದಾದರೆ ನಾನು ‘ಕೀಪ್ ಮೈ ಫೈಲ್ಸ್’ ಒತ್ತುವ ರೀಸೆಟ್ ಕಡೆಗೆ. ನಮ್ಮ ಕಡತಗಳು ಉಳಿಯುತ್ತವೆ, ತೆಗೆದ ತಂತ್ರಾಂಶಗಳ ಪಟ್ಟಿಯನ್ನೂ ಡೆಸ್ಕ್‌ಟಾಪಿನಲ್ಲಿ ಇಟ್ಟಿರುತ್ತದೆ. ಆದರೆ ತಂತ್ರಾಂಶಗಳೆಲ್ಲ ಹೋಗುತ್ತವೆ. ಡಿಟಿಪಿ ಅಂಗಡಿಗೆ ಇದು ದೊಡ್ಡ ಪೆಟ್ಟು. ನುಡಿ, ಬರಹ ಮತ್ತು ಅವುಗಳ ಜೊತೆ ಬಂದ ಹಳೇ ಫಾಂಟುಗಳು ಹೋದರೆ, ಯೂನಿಕೋಡ್ ಅಲ್ಲದ ಆ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಲಗ್ನಪತ್ರಿಕೆ, ಕ್ರಯಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿ ತೆರೆಯುತ್ತವೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಮತ್ತೆ ಹಾಕಿದರೆ ಓದಬಹುದು. ಅದು ತಿಳಿಯದೆ ಫೈಲುಗಳನ್ನೇ ಅಳಿಸಿದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ರೀಸೆಟ್‌ಗೆ ಮೊದಲು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ.

ಯಾವ ದಾರಿಯಲ್ಲಿ ಹೋದರೂ, ಕಂಪ್ಯೂಟರ್ ಸರಿಯಾಗಿ ಎದ್ದ ಮೇಲೆ ಎರಡು ಕೆಲಸ ಬಾಕಿ. ಇಂಟರ್ನೆಟ್ ಬಾರದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘netsh winsock reset’ ಎಂದು ಕೊಟ್ಟು ವಿನ್‌ಸಾಕ್ (ವಿಂಡೋಸ್‌ನ ನೆಟ್‌ವರ್ಕ್ ಸಂಪರ್ಕದ ವ್ಯವಸ್ಥೆ) ರೀಸೆಟ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ಬೇರೆ ಆಂಟಿವೈರಸ್ ಹೋದಾಗ ತಾನಾಗಿ ಆನ್ ಆಗಬೇಕಾದ ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ನಿಜಕ್ಕೂ ಆನ್ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಹಳೆಯದರ ಅವಶೇಷ ಇನ್ನೂ ಎಲ್ಲೋ ಕೂತಿದೆ ಎಂದೇ ತಿಳಿದು, ತಯಾರಕರ ಸಾಧನವನ್ನು ಮತ್ತೊಮ್ಮೆ ಓಡಿಸಿ.