ಜಿಸಿಸಿಯಿಂದ ವಿಷುವಲ್ ಸಿಗೆ: ಎಸ್‌ಕ್ಯೂಲೈಟ್ ಲೈಬ್ರರಿಯ ವಿಮರ್ಶೆ

ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಕಂಪೈಲರ್‌ನಿಂದ (ಸಿ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ತಂತ್ರಾಂಶ) ಕಟ್ಟಿ ಬಳಸುತ್ತಿದ್ದ ಕನ್ನಡ ನಿಘಂಟಿನ ತಂತ್ರಾಂಶವೊಂದನ್ನು ವಿಂಡೋಸ್‌ನ ವಿಷುವಲ್ ಸಿ ಕಂಪೈಲರ್‌ಗೆ ಒಗ್ಗಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಹೆಚ್ಚು ಅಂಜಿಕೆಯಿದ್ದದ್ದು ಅದರೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಲೈಬ್ರರಿಯ, ಅಂದರೆ ಮಾಹಿತಿಯನ್ನು ಇಟ್ಟು ತೆಗೆಯುವ ಸಿದ್ಧ ಕೋಡಿನ, ಬಗ್ಗೆ. 2000ರಲ್ಲಿ ರಿಚರ್ಡ್ ಹಿಪ್ ಆರಂಭಿಸಿದ ಈ ಲೈಬ್ರರಿಯ ಒಟ್ಟುಗೂಡಿಸಿದ ಆವೃತ್ತಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳಿರುವ ಒಂದೇ ಸಿ ಕಡತ. ಅದರ ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ. ಜಿಸಿಸಿಗೆ ಮಾತ್ರ ಸೇರಿದ ಸೌಲಭ್ಯಗಳನ್ನು ಬಳಸುವ ಮುನ್ನ ಅದು ಕಂಪೈಲರ್ ಯಾವುದೆಂದು ನೋಡಿಕೊಳ್ಳುತ್ತದೆ. ಅವು ಸಿಗದ ಕಡೆ ಸಾಧಾರಣ ಸಿ ಕೋಡಿನಲ್ಲೇ ಕೆಲಸ ಮುಗಿಸುತ್ತದೆ.

ತೊಡಕು ಬಂದದ್ದು ನಮ್ಮ ಕೋಡು ಲೈಬ್ರರಿಯನ್ನು ಮುಟ್ಟುವ ಜಾಗಗಳಲ್ಲಿ. ಸಿ ಭಾಷೆಯಲ್ಲಿ ಪೂರ್ಣಾಂಕಗಳನ್ನು ಇಡುವ ‘ಲಾಂಗ್’ ಎಂಬ ಟೈಪ್ 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್. ವಿಂಡೋಸ್‌ನಲ್ಲಿ ಅದು 32 ಬಿಟ್ ಮಾತ್ರ. ಪ್ರತಿ ಪದವನ್ನು ತಿದ್ದಿದ ಸಮಯವನ್ನು ನಾವು ಮಿಲಿಸೆಕೆಂಡುಗಳಲ್ಲಿ ಇಡುತ್ತಿದ್ದೆವು. 1700000000000 ಎಂಬ ಬೆಲೆಯನ್ನು ಡೇಟಾಬೇಸ್ ಸರಿಯಾಗಿಯೇ ಹಿಂದಿರುಗಿಸಿದರೂ ನಮ್ಮ ‘ಲಾಂಗ್’ ಚರದೊಳಗೆ ಬಿದ್ದೊಡನೆ ಅದು -807049216 ಆಗುತ್ತಿತ್ತು, ತೀರ ಇತ್ತೀಚೆಗೆ ತಿದ್ದಿದ ಪದಗಳು ಪಟ್ಟಿಯ ತಳಕ್ಕೆ ಹೋಗುತ್ತಿದ್ದವು. ಎಸ್‌ಕ್ಯೂಲೈಟ್ ಇದಕ್ಕೆಂದೇ ತನ್ನದೊಂದು 64 ಬಿಟ್ ಟೈಪನ್ನು ಕೊಟ್ಟಿದೆ. ಮೊದಲಿನಿಂದಲೂ ಅದನ್ನೇ ಬಳಸಿದ್ದರೆ ಎರಡು ದಿನಗಳ ಹುಡುಕಾಟ ಉಳಿಯುತ್ತಿತ್ತು.

ಮೆಮೊರಿಯ ವಿಷಯವೂ ಹೀಗೆಯೇ. ಲೈಬ್ರರಿ ತಾನೇ ಮೆಮೊರಿ ಪಡೆದು ನಮಗೆ ಒಪ್ಪಿಸಿದ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಅದರದೇ ಬಿಡುಗಡೆ ಫಂಕ್ಷನ್‌ಗೆ ಒಪ್ಪಿಸಬೇಕು. ನಾವು ಸಿ ಭಾಷೆಯ ‘ಫ್ರೀ’ಗೆ ಕೊಡುತ್ತಿದ್ದೆವು. ಲಿನಕ್ಸ್‌ನಲ್ಲಿ ಎರಡರ ಹಿಂದೆಯೂ ಒಂದೇ ಹೀಪ್ (ಪ್ರೋಗ್ರಾಮ್ ಬೇಕೆಂದಾಗ ಮೆಮೊರಿ ಪಡೆಯುವ ಜಾಗ) ಇದ್ದುದರಿಂದ ತಪ್ಪು ಬೆಳಕಿಗೆ ಬಂದಿರಲಿಲ್ಲ. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ಗೂ (ಬೇರೆ ಕಡತವಾಗಿ ಕಟ್ಟಿದ ಲೈಬ್ರರಿಗೂ) ಮುಖ್ಯ ಪ್ರೋಗ್ರಾಮಿಗೂ ಬೇರೆಬೇರೆ ರನ್‌ಟೈಮ್, ಅಂದರೆ ಸಿ ಭಾಷೆಯ ಮೂಲ ಫಂಕ್ಷನ್‌ಗಳ ಬೇರೆಬೇರೆ ಪ್ರತಿ, ಇದ್ದಾಗ ಹೀಪ್ ಕೆಟ್ಟು ಪ್ರೋಗ್ರಾಮ್ ಅಲ್ಲಿಗೇ ನಿಂತುಹೋಯಿತು.

ಕನ್ನಡಿಗರಿಗೆ ಮೆಚ್ಚುಗೆಯಾಗಬೇಕಾದ ಸಂಗತಿಯೊಂದಿದೆ. ಕಡತದ ಹೆಸರನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಒಂದು ವಿಧಾನ) ಕೊಟ್ಟರೆ ಎರಡು ವ್ಯವಸ್ಥೆಗಳಲ್ಲಿಯೂ ಎಸ್‌ಕ್ಯೂಲೈಟ್ ಅದನ್ನು ತೆರೆಯುತ್ತದೆ. ‘ಪದಕೋಶ’ ಎಂಬ ಹೆಸರಿನ ನಮ್ಮ ಕಡತ ಹಾಗೆಯೇ ತೆರೆಯಿತು. ಅದೇ ಹೆಸರನ್ನು ಕಡತ ತೆರೆಯುವ ಸಿ ಭಾಷೆಯ ‘ಎಫ್‌ಓಪನ್’ಗೆ ಕೊಟ್ಟಿದ್ದ ನಮ್ಮ ಬ್ಯಾಕಪ್ ಭಾಗ ಮಾತ್ರ ವಿಂಡೋಸ್‌ನಲ್ಲಿ ಕಡತವಿಲ್ಲವೆಂದಿತು.

ಕೊರತೆಗಳೂ ಇವೆ. ಡಿಎಲ್‌ಎಲ್ ಕಟ್ಟುವಾಗ ಫಂಕ್ಷನ್‌ಗಳು ತಾವಾಗಿ ಹೊರಗೆ ಕಾಣಿಸುವುದಿಲ್ಲ, ಅದಕ್ಕೆ ಮ್ಯಾಕ್ರೊವೊಂದನ್ನು (ಕಂಪೈಲ್ ಮಾಡುವಾಗ ಕೊಡುವ ಹೆಸರು-ಬೆಲೆಯ ಜೋಡಿ) ನಾವೇ ಕೊಡಬೇಕು. ಅಷ್ಟು ಉದ್ದದ ಕಡತವನ್ನು ಕೆಲವು ಡೀಬಗರ್‌ಗಳು (ತಪ್ಪು ಹುಡುಕುವ ಸಾಧನಗಳು) ಪೂರ್ತಿ ನಿಭಾಯಿಸಲಾರವು. ಅವನ್ನು ಬಳಸುವವರಿಗಾಗಿ ತುಂಡು ಮಾಡಿದ ಆವೃತ್ತಿಯೂ ಇದೆಯೆಂಬುದು ಹೊಸಬರ ಕಣ್ಣಿಗೆ ಬೇಗ ಬೀಳುವುದಿಲ್ಲ.

ಲಿನಕ್ಸ್‌ನಲ್ಲಿ ಸೃಷ್ಟಿಯಾದ ಡೇಟಾಬೇಸ್ ಕಡತವನ್ನು ಯಾವ ಪರಿವರ್ತನೆಯೂ ಇಲ್ಲದೆ ವಿಂಡೋಸ್‌ಗೆ ನಕಲಿಸಿ, ಸಮಗ್ರತೆ ಪರೀಕ್ಷಿಸುವ ಪ್ರಾಗ್ಮಾ (ಎಸ್‌ಕ್ಯೂಲೈಟ್‌ನ ವಿಶೇಷ ಆದೇಶ) ಓಡಿಸಿದೆ. ತೆರೆಯ ಮೇಲೆ ಬಂದದ್ದು ‘ಓಕೆ’ ಎಂಬ ಒಂದೇ ಪದ.