ಜನವರಿಯಲ್ಲಿ ಭರಣಿ ಮಳೆ: ಜಿಫಾರ್ಟ್ರಾನ್, ಐಎಫ್‌ಎಕ್ಸ್, ಫ್ಲ್ಯಾಂಗ್‌ಗಳಲ್ಲಿ ಅರೇ ಓದಿಸಿ ನೋಡಿದ್ದು

ಫಾರ್ಟ್ರಾನ್ ಎಂಬ ಲೆಕ್ಕದ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ಯಂತ್ರ ಓಡಿಸುವಂತೆ ಮಾಡಿಕೊಡುವುದು ಕಂಪೈಲರ್; ಜಿಫಾರ್ಟ್ರಾನ್, ಇಂಟೆಲ್ ಕಂಪನಿಯ ಐಎಫ್‌ಎಕ್ಸ್, ಫ್ಲ್ಯಾಂಗ್ ಅಂಥ ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜಿಫಾರ್ಟ್ರಾನ್‌ಗೆ. ಎಸ್.ಪಿ. ರಸ್ತೆಯಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಕೊಟ್ಟು ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ಗೆ ನಾನು ಬಿಟ್ಟುಕೊಟ್ಟಿರುವ ಜಾಗ 40 ಜಿಬಿ. ಅಷ್ಟರಲ್ಲೇ ಮೂರೂ ಕಂಪೈಲರ್‌ಗಳನ್ನು ಹಾಕಿಕೊಂಡು, ಒಂದೇ ಪ್ರೋಗ್ರಾಂ ಅನ್ನು ಮೂರರಲ್ಲೂ ಓಡಿಸಿ ನೋಡಿದೆ. ಯಾವುದು ಎಷ್ಟು ವೇಗ ಎಂಬ ಪಟ್ಟಿ ಇಲ್ಲಿಲ್ಲ. ಕಡತದಲ್ಲಿರುವ ಸಂಖ್ಯೆ ಅರೇಯ, ಅಂದರೆ ಸಂಖ್ಯೆಗಳನ್ನು ಸಾಲಾಗಿ ಇಡುವ ಕೋಷ್ಟಕದ, ಸರಿಯಾದ ಮನೆಯಲ್ಲಿ ಬಂದು ಕೂರುತ್ತದೆಯೇ, ಕೂರದಿದ್ದರೆ ಕಂಪೈಲರ್ ಅದನ್ನು ನನಗೆ ಹೇಳುತ್ತದೆಯೇ ಎಂಬುದಷ್ಟೇ ನನಗೆ ಬೇಕಾಗಿತ್ತು.

ನನ್ನದು ಕೆರೆಗಳ ಒಳಹರಿವಿನ ಲೆಕ್ಕ. ಅದಕ್ಕೆ ಬಳಸುವುದು ಭಾರತೀಯ ಹವಾಮಾನ ಇಲಾಖೆ ಪುಣೆಯಿಂದ ಕೊಡುವ ಕಾಲು ಡಿಗ್ರಿ ಚೌಕಗಳ ದಿನವಹಿ ಮಳೆ ದತ್ತಾಂಶ. 1901ರಿಂದ ಈಚೆಗೆ ವರ್ಷಕ್ಕೊಂದು ಬೈನರಿ ಕಡತ. ಒಂದು ದಿನಕ್ಕೆ 135 ರೇಖಾಂಶ, 129 ಅಕ್ಷಾಂಶ, ಒಟ್ಟು 17,415 ಸಂಖ್ಯೆಗಳು. ಒಂದೊಂದಕ್ಕೆ 4 ಬೈಟ್, ಅಂದರೆ ದಿನಕ್ಕೆ 69,660 ಬೈಟ್. ದತ್ತಾಂಶವಿಲ್ಲದ ಚೌಕದಲ್ಲಿ -999 ಇರುತ್ತದೆ. 6.5 ಡಿಗ್ರಿ ಉತ್ತರ, 66.5 ಡಿಗ್ರಿ ಪೂರ್ವದಿಂದ ಹೊರಟು ರೇಖಾಂಶ ಮೊದಲು ಸರಿಯುತ್ತದೆ. ಫಾರ್ಟ್ರಾನ್ ಅರೇಯಲ್ಲೂ ಮೊದಲ ಸೂಚ್ಯಂಕವೇ ಬೇಗ ಓಡುವುದರಿಂದ ಮಳೆ(135,129) ಎಂದು ಘೋಷಿಸಿಕೊಂಡರೆ ಸಾಕು, ಒಂದೇ ರೀಡ್ ಸಾಲಿಗೆ ಇಡೀ ದಿನದ ಭಾರತ ಬಂದು ಕೂರುತ್ತದೆ. ನಮ್ಮ ಬೆಂಗಳೂರು ಮಳೆ(45,27). ಈ ಹೊಂದಾಣಿಕೆ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ತೊಡಕಿನ ಮಾತು. ಮನೆಯಲ್ಲಿ ಜಿಫಾರ್ಟ್ರಾನ್‌ನಲ್ಲಿ ಬರೆದ ಪ್ರೋಗ್ರಾಂನಲ್ಲಿ ರೆಕಾರ್ಡ್‌ನ (ಒಂದು ಸಲಕ್ಕೆ ಓದುವ ತುಂಡಿನ) ಉದ್ದವನ್ನು, ಅಂದರೆ ಕಡತ ತೆರೆಯುವ ಓಪನ್ ಸಾಲಿನ ರೆಕ್ಲ್ ಅನ್ನು, 69660 ಎಂದು ಅಂಕಿಯಲ್ಲೇ ಕೊಟ್ಟಿದ್ದೆ. ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಅದನ್ನು ತಮ್ಮ ಯಂತ್ರದಲ್ಲಿ ಐಎಫ್‌ಎಕ್ಸ್‌ನಿಂದ ಕಂಪೈಲ್ ಮಾಡಿ, ಪರೀಕ್ಷೆಗೆಂದು ಒಂದು ವರ್ಷದ ಜನವರಿಯನ್ನಷ್ಟೇ ಓಡಿಸಿದರು. ದೋಷಸೂಚನೆ ಒಂದೂ ಇಲ್ಲ. ಸಂಜೆ ಫೋನ್ ಮಾಡಿ, “ಮೇಡಂ, ಜನವರಿ ಕೊನೆಯ ವಾರದಲ್ಲೇ ಕೆರೆಗೆ ನೀರು ಬರುತ್ತಿದೆಯಲ್ಲ, ಆ ವರ್ಷ ಅಷ್ಟು ಮಳೆ ಆಗಿತ್ತೇ?” ಎಂದು ಕೇಳಿದರು.

ಬೆಂಗಳೂರಿನ ಜನವರಿ ಎಂದರೆ ಬೆಳಗಿನ ಮಂಜು, ಅವರೆಕಾಯಿ ಸೊಗಡು. ಕೆರೆಗೆ ನೀರು ಹರಿಯುವಂಥ ಮಳೆ ಆ ತಿಂಗಳಿನದಲ್ಲ. ಎರಡೂ ಯಂತ್ರಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟೆ. ಬೆಂಗಳೂರಿನ ಚೌಕದಲ್ಲಿ ಬರೀ ಸೊನ್ನೆಗಳಿದ್ದರೆ ಏನೂ ತಿಳಿಯುವುದಿಲ್ಲವೆಂದು, ದೇಶದ ಎಲ್ಲ ಚೌಕಗಳ ಮಳೆಯನ್ನೂ ದಿನದಿನಕ್ಕೆ ಕೂಡಿಸಿ ಅಚ್ಚು ಹಾಕಿಸಿದೆ. ಮೊದಲ ದಿನ ಎರಡರಲ್ಲೂ ಒಂದೇ. ಅವರ 2ನೇ ದಿನದ ಮೊತ್ತ ನನ್ನ ಪಟ್ಟಿಯಲ್ಲಿ 5ನೇ ದಿನಕ್ಕೆ ಸಿಕ್ಕಿತು. ಅವರ 3ನೆಯದು ನನ್ನ 9ನೆಯದು, 4ನೆಯದು 13ನೆಯದು. ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಹೋದಂತೆ ಪ್ರತಿ ಸಲವೂ ನಾಲ್ಕು ನಾಲ್ಕು ದಿನದ ಜಿಗಿತ. ಅವರ ಜನವರಿ 31 ನಿಜಕ್ಕೂ ವರ್ಷದ 121ನೇ ದಿನ, ಮೇ 1. ಅವರ ಜನವರಿಯ ಕೊನೆಯ ವಾರದಲ್ಲಿ ಸುರಿದದ್ದು ಅಶ್ವಿನಿ, ಭರಣಿ ಮಳೆ!

ಕಾರಣ ಇಷ್ಟೇ. ಬೈನರಿ ಕಡತಕ್ಕೆ ರೆಕ್ಲ್ ಕೊಟ್ಟಾಗ ಜಿಫಾರ್ಟ್ರಾನ್ ಅದನ್ನು ಬೈಟ್ ಎಂದು ಎಣಿಸುತ್ತದೆ. ಐಎಫ್‌ಎಕ್ಸ್, ಅದಕ್ಕೂ ಹಿಂದಿನ ಐಫೋರ್ಟ್‌ನಂತೆಯೇ, ಬೇರೆ ಹೇಳದಿದ್ದರೆ 4 ಬೈಟ್‌ಗಳ ಘಟಕವೆಂದು ಎಣಿಸುತ್ತದೆ. ನನ್ನ ಒಂದು ದಿನದ ಅಳತೆ ಅಲ್ಲಿ ನಾಲ್ಕು ದಿನದ ಅಳತೆಯಾಯಿತು. ಇದು ಐಎಫ್‌ಎಕ್ಸ್‌ನ ದೋಷವಲ್ಲ. ಕೈಪಿಡಿಯಲ್ಲಿ ಬರೆದಿರುವ ನಡವಳಿಕೆ, ಫಾರ್ಟ್ರಾನ್ ಮಾನಕ ಈ ಘಟಕವನ್ನು ಆಯಾ ಕಂಪೈಲರ್‌ಗೇ ಬಿಟ್ಟಿದೆ. ಅಂಕಿಯನ್ನು ನೇರವಾಗಿ ಬರೆದ ತಪ್ಪು ನನ್ನದು. ಕಂಪೈಲ್ ಮಾಡುವಾಗ ‘ಅಸ್ಯೂಮ್ ಬೈಟ್‌ರೆಕ್ಲ್’ ಆಯ್ಕೆ ಕೊಟ್ಟರೆ ಐಎಫ್‌ಎಕ್ಸ್ ಕೂಡ ಬೈಟ್‌ನಲ್ಲೇ ಎಣಿಸುತ್ತದೆ.

ಅದೇ ತಪ್ಪನ್ನು ತಿರುಗಿಸಿಯೂ ನೋಡಿದೆ. ಐಎಫ್‌ಎಕ್ಸ್‌ಗೆಂದು 17415 ಎಂದು ಬರೆದ ಕೋಡ್ ಅನ್ನು ಜಿಫಾರ್ಟ್ರಾನ್‌ಗೆ ಕೊಟ್ಟರೆ, ರೆಕಾರ್ಡ್‌ನ ಅಂಚು ದಾಟಿ ಓದಲು ಹೊರಟಿದ್ದೀರಿ ಎಂದು ಮೊದಲ ದಿನವೇ ನಿಲ್ಲಿಸಿಬಿಡುತ್ತದೆ. ಯಾವ ಕಡತ, ಕೋಡ್‌ನ ಎಷ್ಟನೇ ಸಾಲು ಎಂಬುದನ್ನೂ ತಿಳಿಸುತ್ತದೆ. ಉದ್ದ ಕಡಿಮೆಯಾದರೆ ನಿಲ್ಲುತ್ತದೆ, ಹೆಚ್ಚಾದರೆ ಸುಮ್ಮನೆ ಜಿಗಿಯುತ್ತದೆ. ಉದ್ದವನ್ನು ಬೇಕೆಂದೇ ಹೆಚ್ಚಿಸಿ ಕೊಟ್ಟರೆ ಜಿಫಾರ್ಟ್ರಾನ್ ಕೂಡ ಸುಮ್ಮನೆಯೇ ಓದುತ್ತದೆ, ಆ ಮಾತನ್ನು ಮುಚ್ಚಿಡುವುದಿಲ್ಲ. ಆದರೂ ಬೈಟ್ ಲೆಕ್ಕವನ್ನು ನಾನು ಇಷ್ಟಪಡುವುದಕ್ಕೆ ಕಾರಣವಿದೆ. ಕಡತದ ಗಾತ್ರವನ್ನು ಯಂತ್ರವೂ ಬೈಟ್‌ನಲ್ಲೇ ತೋರಿಸುತ್ತದೆ. 25,425,900 ಅನ್ನು 69,660ರಿಂದ ಭಾಗಿಸಿದರೆ 365, ಶೇಷ ಸೊನ್ನೆ. ಕಾಗದದ ಮೇಲಿನ ಲೆಕ್ಕ, ಕೋಡ್‌ನ ಲೆಕ್ಕ, ಡಿಸ್ಕ್‌ನ ಲೆಕ್ಕ ಮೂರೂ ಒಂದೇ ಆಗಿದ್ದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಎರಡನೆಯ ವ್ಯತ್ಯಾಸ ಸ್ಟ್ಯಾಕ್‌ನದು, ಅಂದರೆ ಪ್ರೋಗ್ರಾಂ ಓಡುವಾಗ ತಾತ್ಕಾಲಿಕ ಬಳಕೆಗೆ ಸಿಗುವ ಸಣ್ಣ ಮೆಮೊರಿಯದು. ಇಡೀ ವರ್ಷವನ್ನು ಒಂದೇ ಅರೇಗೆ ಓದಿಸಿದರೆ ಸುಮಾರು 25 ಎಂಬಿ ಬೇಕು. ಸಬ್‌ರೂಟೀನ್ (ಉಪಪ್ರೋಗ್ರಾಂ) ಒಳಗೆ, ಅದನ್ನು ಕರೆಯುವಾಗ ಕೊಡುವ ಆರ್ಗ್ಯುಮೆಂಟ್‌ನಿಂದ ಅಳತೆಯನ್ನು ಪಡೆಯುವ ಅಂಥ ಅರೇಯನ್ನು ಐಎಫ್‌ಎಕ್ಸ್ ಸ್ಟ್ಯಾಕ್‌ನಲ್ಲಿ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಸ್ಟ್ಯಾಕ್‌ಗೆ ಕೊಡುವುದು 8 ಎಂಬಿ. ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ‘ಹೀಪ್-ಅರೇಸ್’ ಆಯ್ಕೆ ಕೊಟ್ಟರೆ ಅರೇ ಹೀಪ್ ಎಂಬ ದೊಡ್ಡ ಮೆಮೊರಿಗೆ ಹೋಗಿ ಸರಿಹೋಗುತ್ತದೆ. ಜಿಫಾರ್ಟ್ರಾನ್ ತಾನಾಗಿಯೇ ಹೀಪ್‌ನಲ್ಲಿ ಇಡುತ್ತದೆ. ವೇಗ ಹೆಚ್ಚಿಸುವ ‘ಓಫಾಸ್ಟ್’ ಆಯ್ಕೆ ಕೊಟ್ಟಾಗ ಮಾತ್ರ ಅದೂ ಸ್ಟ್ಯಾಕ್‌ಗೆ ಇಳಿಯುತ್ತದೆ.

ಐಎಫ್‌ಎಕ್ಸ್ ಗೆಲ್ಲುವುದು ಅಲೋಕೇಟ್ ಮಾಡದ, ಅಂದರೆ ಮೆಮೊರಿಯಲ್ಲಿ ಇನ್ನೂ ಜಾಗ ಕೊಡದ, ಅರೇಯ ವಿಷಯದಲ್ಲಿ. ಎಲ್ಲ ತಪಾಸಣೆಗಳನ್ನೂ ಹಾಕಿ ಕಂಪೈಲ್ ಮಾಡಿದರೆ, ಇನ್ನೂ ಅಲೋಕೇಟ್ ಆಗದ ಅರೇಯನ್ನು ಬಳಸಲು ಹೊರಟಿದ್ದೀರಿ ಎಂದು ಅದರ ಹೆಸರು ಹಿಡಿದು ಹೇಳುತ್ತದೆ. ಕಲಿಯುವವರಿಗೆ ಇದು ದೊಡ್ಡ ಉಪಕಾರ.

ಫ್ಲ್ಯಾಂಗ್ ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ಯೋಜನೆಯದು, ಅದರ 20ನೇ ಆವೃತ್ತಿಯಿಂದ ಈ ಹೆಸರಿನಲ್ಲೇ ಬರುತ್ತಿದೆ. ರೆಕ್ಲ್ ಅನ್ನು ಬೈಟ್‌ನಲ್ಲೇ ಎಣಿಸುತ್ತದೆ. ನನ್ನ ಕಡತಗಳನ್ನು ಸರಿಯಾಗಿಯೇ ಓದಿತು, ದೂರುವುದಕ್ಕೆ ಏನೂ ಸಿಗಲಿಲ್ಲ.

ಮಳೆಮಾಪಕದವರು ಕಳಿಸುವ ಪಠ್ಯ ಕಡತದಲ್ಲಿ ಮೂರೂ ಒಂದೇ. ಸಾಲಿನಲ್ಲಿ 12/06/2023 ಎಂಬ ದಿನಾಂಕವಿದ್ದು, ಫಾರ್ಮ್ಯಾಟ್ ಕೊಡದೆ ನಕ್ಷತ್ರ ಚಿಹ್ನೆಯಿಂದ ಓದಿಸಿದರೆ, 12 ಬಂದು ಓರೆಗೆರೆಗೆ ಓದು ಮುಗಿಯುತ್ತದೆ. ಅರೇಯ ಉಳಿದ ಮನೆಗಳಲ್ಲಿ ಹಿಂದಿನ ಸಂಖ್ಯೆಗಳೇ ಉಳಿಯುತ್ತವೆ, ದೋಷಸೂಚನೆ ಬರುವುದಿಲ್ಲ. ಮಾನಕವೇ ಹಾಗಿದೆ. ದಿನಾಂಕದ ಓರೆಗೆರೆಗಳನ್ನು ಮೊದಲೇ ಅಡ್ಡಗೆರೆ ಮಾಡಿಸಿಕೊಳ್ಳುತ್ತೇನೆ, ಆ ಅಂಕಣವನ್ನು ಅಕ್ಷರಗಳಾಗಿಯೇ ಓದಿಸುತ್ತೇನೆ.

ಈಗ ಮೂರೂ ಉಚಿತವಾಗಿ ಸಿಗುವುದರಿಂದ ದುಡ್ಡಿನ ಪ್ರಶ್ನೆ ಇಲ್ಲ, ಜಾಗದ ಪ್ರಶ್ನೆ ಇದೆ. ಐಎಫ್‌ಎಕ್ಸ್‌ನ ಸಲಕರಣೆಗಳ ಕಟ್ಟು ಹಲವು ಜಿಬಿ ನುಂಗುತ್ತದೆ. ಜಿಫಾರ್ಟ್ರಾನ್ ಒಂದು ಆಜ್ಞೆಗೆ ಬಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ದೊಡ್ಡ ಯಂತ್ರದಲ್ಲಿ ದಿನಗಟ್ಟಲೆ ಮಾದರಿ ಓಡಿಸುವವರ ಅಗತ್ಯ ಬೇರೆ ಇರಬಹುದು. ಲ್ಯಾಪ್‌ಟಾಪಿನಲ್ಲಿ ಬರೆದು, ಅಲ್ಲೇ ಓಡಿಸಿ, ಬೇರೆಯವರಿಗೂ ಕೊಡುವ ನನ್ನಂಥವರು ಜಿಫಾರ್ಟ್ರಾನ್‌ನಿಂದಲೇ ಆರಂಭಿಸಬೇಕು.

ಕೋಡ್‌ನಲ್ಲಿ 69660 ಎಂಬ ಅಂಕಿ ಈಗ ಇಲ್ಲ. ‘ಇನ್‌ಕ್ವೈರ್’ ಆಜ್ಞೆಯಿಂದ ಅರೇಯ ಐಒಲೆಂತ್, ಅಂದರೆ ಕಡತದಲ್ಲಿ ಅದು ಹಿಡಿಯುವ ಉದ್ದ, ಕೇಳಿಕೊಂಡು ಅದನ್ನೇ ರೆಕ್ಲ್‌ಗೆ ಕೊಡುತ್ತೇನೆ, ಯಾವ ಕಂಪೈಲರ್ ಆದರೂ ತನ್ನ ಘಟಕದಲ್ಲೇ ಉತ್ತರ ಕೊಡುತ್ತದೆ. ಹೊಸದಾಗಿ ಬರೆಯುವುದಕ್ಕೆಲ್ಲ, ಕಡತವನ್ನು ತುಂಡುಗಳಾಗಿ ನೋಡದೆ ಓದುವ ಸ್ಟ್ರೀಮ್ ವಿಧಾನ ಬಳಸುತ್ತೇನೆ, ಅಲ್ಲಿ ರೆಕ್ಲ್‌ನ ಮಾತೇ ಇಲ್ಲ. ತಿದ್ದಿದ ಕೋಡ್ ಅನ್ನು ಸಹೋದ್ಯೋಗಿಗೆ ಮರುದಿನ ಕಳಿಸಿದೆ. ಐಎಫ್‌ಎಕ್ಸ್‌ನಲ್ಲೇ ಓಡಿಸಿ ಮಧ್ಯಾಹ್ನ ಪಟ್ಟಿ ಕಳಿಸಿದರು: ಮಳೆ(45,27), ಜನವರಿ 25ರಿಂದ 31, ಏಳೂ ಸೊನ್ನೆ.