ಈಜುಕೊಳವಿರುವ ಮನೆ ಕೊಳ್ಳುವವರಿಗೆ: ನಾವು ಪ್ರಮಾಣಪತ್ರವೆಂದು ನಂಬಿದ ಕಾಗದದ ಬಗ್ಗೆ ಒಂದು ಎಚ್ಚರಿಕೆ

ಸಿಡ್ನಿಯ ಪಶ್ಚಿಮ ಭಾಗದ ಬಡಾವಣೆಯೊಂದರಲ್ಲಿ ನಾವು ಕಳೆದ ಅಕ್ಟೋಬರಿನಲ್ಲಿ ಮನೆ ಕೊಂಡೆವು. ಮನೆಯ ಹಿತ್ತಲಿನಲ್ಲಿ 1988ರಲ್ಲಿ ಕಟ್ಟಿಸಿದ ಈಜುಕೊಳವಿದೆ. ಆ ಕೊಳದ ಸುರಕ್ಷತಾ ತಪಾಸಣೆ ಮತ್ತು ಪ್ರಮಾಣಪತ್ರದ ವಿಷಯದಲ್ಲಿ ನಮಗಾದ ಮೋಸವನ್ನೂ, ಅದಕ್ಕೆ ದಾರಿ ಮಾಡಿಕೊಟ್ಟ ನಮ್ಮ ಅಜಾಗರೂಕತೆಯನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ನಮ್ಮ ಪರಿಚಯದ ಮೂರು ಕನ್ನಡ ಕುಟುಂಬಗಳು ಈಗ ಈಜುಕೊಳವಿರುವ ಮನೆಗಳನ್ನೇ ನೋಡುತ್ತಿದ್ದು, ಅವರಲ್ಲಿ ಇಬ್ಬರು ಮೊನ್ನೆ ನನ್ನೊಡನೆ ಮಾತನಾಡುತ್ತ "ಪೂಲ್ ಸರ್ಟಿಫಿಕೇಟ್ ಇದೆಯಂತೆ, ಏಜೆಂಟ್ ಹೇಳಿದರು" ಎಂದರು. ನಾವೂ ಅದೇ ಮಾತನ್ನು ಕೇಳಿ ಸಮಾಧಾನಪಟ್ಟುಕೊಂಡವರು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1992ರ ಈಜುಕೊಳ ಕಾಯಿದೆ ಜಾರಿಯಲ್ಲಿದೆ. 2016ರ ಏಪ್ರಿಲ್ 29ರಿಂದ, ಈಜುಕೊಳವಿರುವ ಮನೆಯನ್ನು ಮಾರುವವರು ಕರಾರುಪತ್ರದ ಜೊತೆಯಲ್ಲಿ ಕೊಳದ ನೋಂದಣಿಯ ದಾಖಲೆಯನ್ನೂ ಒಂದು ಪ್ರಮಾಣಪತ್ರವನ್ನೂ ಲಗತ್ತಿಸಲೇಬೇಕು. ಆ ಪ್ರಮಾಣಪತ್ರ "ಕಂಪ್ಲಯನ್ಸ್ ಸರ್ಟಿಫಿಕೇಟ್" ಆಗಿರಬಹುದು, ಅಂದರೆ ಬೇಲಿ, ಗೇಟು ಎಲ್ಲವೂ ನಿಯಮದಂತಿವೆ ಎಂಬ ಪತ್ರ. ಅಥವಾ "ನಾನ್-ಕಂಪ್ಲಯನ್ಸ್ ಸರ್ಟಿಫಿಕೇಟ್" ಆಗಿರಬಹುದು, ಅಂದರೆ ಈ ಕೊಳ ನಿಯಮದಂತಿಲ್ಲ, ಇಂತಿಂಥ ದೋಷಗಳಿವೆ ಎಂಬ ಪತ್ರ. ಎರಡನೆಯದನ್ನು ಲಗತ್ತಿಸಿ ಮನೆ ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಹಾಗೆ ಮಾರಿದಾಗ ದೋಷಗಳನ್ನು ಸರಿಪಡಿಸಿ ಕಂಪ್ಲಯನ್ಸ್ ಸರ್ಟಿಫಿಕೇಟ್ ಪಡೆಯುವ ಹೊಣೆ ಕೊಂಡವರ ಮೇಲೆ ಬೀಳುತ್ತದೆ, ಮತ್ತು ಸೆಟಲ್‌ಮೆಂಟ್ (ಬಾಕಿ ಹಣ ಸಂದು ಮನೆ ಕೈಗೆ ಬರುವುದು) ಆದ ದಿನದಿಂದ 90 ದಿನಗಳ ಗಡುವು ಆರಂಭವಾಗುತ್ತದೆ. ಬಾಡಿಗೆಗೆ ಕೊಡುವವರಿಗೆ ಈ ಸವಲತ್ತು ಇಲ್ಲ; ಅವರ ಬಳಿ ಕಂಪ್ಲಯನ್ಸ್ ಸರ್ಟಿಫಿಕೇಟ್ ಇರಲೇಬೇಕು.

ನಮ್ಮ ಕರಾರುಪತ್ರದಲ್ಲಿ ಇದ್ದದ್ದು ಎರಡನೆಯ ಬಗೆಯದು. ನೂರಕ್ಕೂ ಹೆಚ್ಚು ಪುಟಗಳ ಆ ಕಡತದಲ್ಲಿ ಅದು ಎರಡೇ ಪುಟಗಳಷ್ಟಿತ್ತು. ಕನ್ವೇಯನ್ಸರ್, ಅಂದರೆ ಆಸ್ತಿ ವರ್ಗಾವಣೆಯ ಕಾನೂನು ಕೆಲಸವನ್ನು ನಮ್ಮ ಪರವಾಗಿ ಮಾಡುವವರು, ತಮ್ಮ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಅದನ್ನು ಸೂಚಿಸಿದ್ದರು. ಆ ವಾರ ಬ್ಯಾಂಕಿನ ಸಾಲದ ಚಿಂತೆಯಲ್ಲಿದ್ದ ನಾನೂ ನನ್ನ ಪತಿಯೂ ಆ ಸಾಲನ್ನು ದಾಟಿ ಮುಂದೆ ಹೋದೆವು. ಆ ಎರಡು ಪುಟಗಳನ್ನು ಅಂದೇ ಓದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಏಕೆಂದರೆ ಏನೇನು ಸರಿಪಡಿಸಬೇಕೆಂಬ ಪಟ್ಟಿ ಅದರಲ್ಲಿಯೇ ಇತ್ತು: ಗೇಟು ತಾನಾಗಿ ಮುಚ್ಚಿ ಚಿಲಕ ಹಾಕಿಕೊಳ್ಳುತ್ತಿಲ್ಲ, ನೆಲ ಇಳಿಜಾರಾಗಿರುವ ಕಡೆ ಬೇಲಿಯ ಅಡಿಯಲ್ಲಿ 130 ಮಿಲಿಮೀಟರ್ ಸಂದು ಇದೆ, ಪಂಪಿನ ಪೆಟ್ಟಿಗೆ ಬೇಲಿಗೆ ತೀರ ಹತ್ತಿರದಲ್ಲಿದೆ, ಸಿಪಿಆರ್ ಫಲಕ (ಉಸಿರು ನಿಂತವರಿಗೆ ಮಾಡುವ ತುರ್ತು ಚಿಕಿತ್ಸೆಯನ್ನು ತೋರಿಸುವ ಫಲಕ) ಮಾಸಿಹೋಗಿದೆ. ನಾಲ್ಕೇ ದೋಷಗಳು. ಕೆಲವು ನೂರು ಡಾಲರುಗಳಲ್ಲಿ, ಎರಡು ದಿನಗಳಲ್ಲಿ ಮುಗಿಯಬಹುದಾಗಿದ್ದ ಕೆಲಸ.

ಗಡುವಿನ ವಿಷಯ ತಿಳಿದದ್ದು ನವೆಂಬರ್ ನಡುವಿನಲ್ಲಿ, ಪಕ್ಕದ ಮನೆಯವರೊಡನೆ ಮಾತನಾಡುವಾಗ. ಜನವರಿ ಮೊದಲ ವಾರದೊಳಗೆ ಪ್ರಮಾಣಪತ್ರ ಕೈಯಲ್ಲಿರಬೇಕಿತ್ತು. ಕ್ರಿಸ್‌ಮಸ್‌ಗೆ ಬಾಗಿಲು ಹಾಕಿದ ಗುತ್ತಿಗೆದಾರರು ಜನವರಿ ನಡುವಿನವರೆಗೆ ಸಿಗುವುದಿಲ್ಲವೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಗಾಬರಿಯಲ್ಲಿ ನಾವು ವಾಟ್ಸ್ಆ್ಯಪ್ ಗುಂಪೊಂದರಲ್ಲಿ ವಿಚಾರಿಸಿದೆವು. ಯಾರೋ ಒಬ್ಬರ ದೂರವಾಣಿ ಸಂಖ್ಯೆ ಬಂದಿತು: "ತಪಾಸಣೆ, ರಿಪೇರಿ, ಸರ್ಟಿಫಿಕೇಟ್ ಎಲ್ಲ ಇವರೇ ಮಾಡಿಕೊಡುತ್ತಾರೆ."

ಆ ವ್ಯಕ್ತಿ ಬಂದು ಹತ್ತು ನಿಮಿಷ ಹಿತ್ತಲಿನಲ್ಲಿ ಓಡಾಡಿದರು. ಅಳತೆಪಟ್ಟಿಯನ್ನು ಹೊರತೆಗೆಯಲಿಲ್ಲ. ಗೇಟನ್ನು ಒಂದು ಬಾರಿ ತೆರೆದು ಮುಚ್ಚಿ, ಹಳೆಯ ಬೇಲಿ ಪೂರ್ತಿಯಾಗಿ ಹೋಗಬೇಕು, ಮೂರು ಬದಿಗೂ ಗಾಜಿನ ಬೇಲಿ ಹಾಕಿದರೆ ಮಾತ್ರ ಸರ್ಟಿಫಿಕೇಟ್ ಕೊಡಲು ಸಾಧ್ಯ ಎಂದರು. ಬೇಲಿಗೆ 4,800 ಡಾಲರ್, ತಪಾಸಣೆಗೆ 250 ಡಾಲರ್, ನಗದಾಗಿ ಕೊಟ್ಟರೆ ಸ್ವಲ್ಪ ರಿಯಾಯಿತಿ. ಈ ರಾಜ್ಯದಲ್ಲಿ 5,000 ಡಾಲರಿಗಿಂತ ಹೆಚ್ಚು ಮೌಲ್ಯದ ಮನೆ ಕಾಮಗಾರಿ ಮಾಡುವವರಿಗೆ ಪರವಾನಗಿ ಇರಬೇಕು, ಲಿಖಿತ ಕರಾರು ಇರಬೇಕು. ಆ ಮೊತ್ತಕ್ಕಿಂತ ಸ್ವಲ್ಪವೇ ಕೆಳಗೆ ಬೇಲಿಯ ದರ ಏಕೆ ನಿಂತಿತ್ತು ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಡಿಸೆಂಬರ್ ಎರಡನೆಯ ವಾರದಲ್ಲಿ ಕೆಲಸ ಮುಗಿಯಿತು. ಬೇಲಿ ನೋಡಲು ಚೆನ್ನಾಗಿತ್ತು. ಆತ ಬಣ್ಣದ ಅಂಚುಳ್ಳ ಒಂದು ಹಾಳೆಯನ್ನು ಕೊಟ್ಟರು. ಅದರ ಮೇಲೆ ಪ್ರಮಾಣಪತ್ರವೆಂಬ ಶೀರ್ಷಿಕೆ, ನಮ್ಮ ವಿಳಾಸ, ದಿನಾಂಕ, ಒಂದು ಕ್ರಮಸಂಖ್ಯೆ, ಸಹಿ ಎಲ್ಲವೂ ಇದ್ದವು. ಅದನ್ನು ಕಡತದಲ್ಲಿ ಸೇರಿಸಿ, ದೊಡ್ಡದೊಂದು ಕೆಲಸ ಮುಗಿಯಿತೆಂದು ನಿಶ್ಚಿಂತರಾದೆವು.

ಅದೇ ತಿಂಗಳ ಕೊನೆಯಲ್ಲಿ, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ನಮ್ಮ ಎರಡೂವರೆ ವರ್ಷದ ಮಗಳು ಬೇಲಿಯ ಒಳಗೆ, ನೀರಿನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದಳು. ಹಾಸನದಿಂದ ಬಂದಿದ್ದ ನನ್ನ ತಾಯಿ ಬಟ್ಟೆ ಒಣಹಾಕಲು ಹೊರಗೆ ಹೋದವರು ಅವಳನ್ನು ಕಂಡು, ಕೂಗಿದರೆ ಮಗು ಬೆಚ್ಚಿ ಬೀಳಬಹುದೆಂದು ಕೂಗದೆ, ಮೆಲ್ಲನೆ ಹೋಗಿ ಎತ್ತಿಕೊಂಡು ಬಂದರು. ಗೇಟು ನೋಡಲು ಮುಚ್ಚಿದಂತೆಯೇ ಇತ್ತು. ಆದರೆ ಚಿಲಕದ ನಾಲಿಗೆ ಒಳಗೆ ಕೂರದೆ ಕಂಬಕ್ಕೆ ಸುಮ್ಮನೆ ಆನಿಕೊಂಡಿತ್ತು; ಮಗುವಿನ ಕೈ ತಗುಲಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಆ ದೃಶ್ಯವನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೂ ಇಂದಿಗೂ ರಾತ್ರಿ ಎಚ್ಚರವಾದಾಗ ಮೊದಲು ನೆನಪಾಗುವುದು ಅದೇ. ನೀರಿಗೆ ಬಿದ್ದ ಸಣ್ಣ ಮಕ್ಕಳು ಸದ್ದಿಲ್ಲದೆ ಮುಳುಗುತ್ತಾರೆ, ಕೈಬಡಿಯುವುದಾಗಲಿ ಕಿರುಚುವುದಾಗಲಿ ಇರುವುದಿಲ್ಲ ಎಂದು ಕೇಳಿದ್ದ ನನಗೆ, ಅಂದು ನನ್ನ ತಾಯಿ ಹೊರಗೆ ಹೋದದ್ದು ಬಟ್ಟೆ ಒಣಹಾಕಲು, ಮಗುವನ್ನು ಹುಡುಕಲು ಅಲ್ಲ ಎಂಬ ಸಂಗತಿಯನ್ನು ಮರೆಯಲು ಆಗುವುದಿಲ್ಲ.

ಅಂದು ಸಂಜೆಯೇ ಆ ಹಾಳೆಯನ್ನು ಹೊರತೆಗೆದು, ರಾಜ್ಯ ಸರ್ಕಾರದ ಈಜುಕೊಳ ರಿಜಿಸ್ಟರಿನ ಜಾಲತಾಣದಲ್ಲಿ ನಮ್ಮ ವಿಳಾಸವನ್ನು ಹುಡುಕಿದೆವು. ಕೊಳ ನೋಂದಣಿಯಾಗಿತ್ತು. ಕಂಪ್ಲಯನ್ಸ್ ಸರ್ಟಿಫಿಕೇಟ್ ಇರಲಿಲ್ಲ. ನಿಜವಾದ ಪ್ರಮಾಣಪತ್ರ ಆ ರಿಜಿಸ್ಟರಿನ ಮೂಲಕವೇ ಹೊರಬರುತ್ತದೆ, ಅದರಲ್ಲಿ ದಾಖಲಾಗದ ಕಾಗದಕ್ಕೆ ಪ್ರಮಾಣಪತ್ರದ ಬೆಲೆಯಿಲ್ಲ. ಅದನ್ನು ಕೊಡುವ ಅಧಿಕಾರ ಇರುವುದು ಸ್ಥಳೀಯ ಕೌನ್ಸಿಲ್ಲಿನ (ಇಲ್ಲಿನ ನಗರಸಭೆಯ) ಅಧಿಕಾರಿಗೆ ಅಥವಾ ಸರ್ಕಾರದಲ್ಲಿ ನೋಂದಾಯಿತರಾದ ಖಾಸಗಿ ತಪಾಸಕರಿಗೆ ಮಾತ್ರ. ನೋಂದಾಯಿತರ ಪಟ್ಟಿ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಪಟ್ಟಿ. ನಮ್ಮ ಮನೆಗೆ ಬಂದ ವ್ಯಕ್ತಿಯ ಹೆಸರು ಅದರಲ್ಲಿ ಇರಲಿಲ್ಲ. ಮರುದಿನ ಕರೆ ಮಾಡಿದಾಗ, ತಾನು ಕೊಟ್ಟದ್ದು "ಕೆಲಸ ಮುಗಿದ ಪ್ರಮಾಣಪತ್ರ", ಕೌನ್ಸಿಲ್ಲಿನದನ್ನು ನೀವೇ ಪಡೆಯಬೇಕಿತ್ತು ಎಂದರು. ಆಮೇಲೆ ಕರೆ ಸ್ವೀಕರಿಸಲಿಲ್ಲ.

ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದೆವು. ಜನವರಿಯಲ್ಲಿ ಕೌನ್ಸಿಲ್ಲಿಗೆ ನಾವಾಗಿಯೇ ಎಲ್ಲವನ್ನೂ ತಿಳಿಸಿ ತಪಾಸಣೆಗೆ ಅರ್ಜಿ ಹಾಕಿದೆವು. ಶುಲ್ಕ 150 ಡಾಲರ್. ಬಂದ ಅಧಿಕಾರಿ ಸುಮಾರು ಒಂದು ಗಂಟೆ ನಮ್ಮ ಹಿತ್ತಲಿನಲ್ಲಿದ್ದರು. ನಿಜವಾದ ತಪಾಸಣೆ ಹೇಗಿರುತ್ತದೆ ಎಂಬುದನ್ನು ನಾನು ಅಂದು ಕಂಡೆ, ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಅವರು ಬೇಲಿಯ ಎತ್ತರವನ್ನು ಹಲವು ಕಡೆ ಅಳೆದರು: ಕನಿಷ್ಠ 1,200 ಮಿಲಿಮೀಟರ್ ಇರಬೇಕು, ಅಡಿಯಲ್ಲಿ 100 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಪಕ್ಕದ ಮನೆಯವರೊಡನೆ ಹಂಚಿಕೊಂಡ ಗಡಿ ಬೇಲಿಯನ್ನೇ ಕೊಳದ ಬೇಲಿಯಾಗಿ ಬಳಸಿದ್ದರೆ, ಕೊಳದ ಕಡೆಯಿಂದ ಅಳೆದಾಗ ಅದು 1,800 ಮಿಲಿಮೀಟರ್ ಇರಬೇಕು. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು. ಅದನ್ನು ಪೂರ್ತಿ ತೆರೆದು, ಅರ್ಧ ತೆರೆದು, ಕೊನೆಗೆ ಒಂದು ಅಂಗೈಯಷ್ಟು ಮಾತ್ರ ತೆರೆದು, ತಳ್ಳದೆ ಕೈಬಿಟ್ಟು ನೋಡಿದರು. ಎಲ್ಲಿಂದ ಬಿಟ್ಟರೂ ಅದು ತಾನಾಗಿ ಮುಚ್ಚಿ ಚಿಲಕ ಹಾಕಿಕೊಳ್ಳಬೇಕು. ನಮ್ಮ ಹೊಸ ಗೇಟು ಮೂರನೆಯ ಸಲ ಸೋತಿತು. ಕೀಲುಗಳ ಸ್ಪ್ರಿಂಗನ್ನು ಬಿಗಿಗೊಳಿಸಿಯೇ ಇರಲಿಲ್ಲ.

ನಂತರ ಅವರು ಬೇಲಿಯ ಸುತ್ತಲಿನ ವಸ್ತುಗಳನ್ನು ನೋಡಿದರು. ಮಗು ಹತ್ತಲು ಆಸರೆಯಾಗಬಲ್ಲ ಯಾವುದೂ ಬೇಲಿಯಿಂದ 900 ಮಿಲಿಮೀಟರ್ ಒಳಗೆ ಇರಕೂಡದು. ನಮ್ಮ ತುಳಸಿಯ ಕುಂಡ, ಎರಡು ಕರಿಬೇವಿನ ಕುಂಡಗಳು, ಹಪ್ಪಳ ಒಣಗಿಸಲೆಂದು ಅಮ್ಮ ಬೇಲಿಗೆ ಒತ್ತಿ ಇಟ್ಟಿದ್ದ ಮೇಜು, ಈ ಎಲ್ಲವೂ ಆ ಅಂತರದೊಳಗೆ ಇದ್ದವು. ನಮ್ಮಂಥವರ ಮನೆಗಳಲ್ಲಿ ಬಿಸಿಲು ಬೀಳುವ ಜಾಗವನ್ನು ನೋಡಿ ವಸ್ತುಗಳನ್ನು ಇಡುತ್ತೇವೆ, ಬೇಲಿಯ ದೂರವನ್ನು ನೋಡುವುದಿಲ್ಲ. ಊರಿನಿಂದ ಬಂದ ಹಿರಿಯರಿಗೆ ಇದನ್ನು ತಿಳಿಸಿ ಹೇಳುವುದು ನಮ್ಮ ಕೆಲಸ. ಪಂಪಿನ ಪೆಟ್ಟಿಗೆ ಹಿಂದೆ ಇದ್ದಲ್ಲಿಯೇ ಇತ್ತು. ಸಿಪಿಆರ್ ಫಲಕವೂ ಬದಲಾಗಿರಲಿಲ್ಲ. ಅದು ಮೂರು ಮೀಟರ್ ದೂರದಿಂದ ಓದಲು ಬರುವಂತಿರಬೇಕು. ಸಣ್ಣ ಮಕ್ಕಳ ಮೇಲೆ ನಿಗಾ ಇರಲಿ, ಗೇಟು ಸದಾ ಮುಚ್ಚಿರಲಿ, ಬೇಲಿಯಿಂದ 900 ಮಿಲಿಮೀಟರ್ ಜಾಗ ಖಾಲಿಯಿರಲಿ ಎಂಬ ಸೂಚನೆಗಳೂ ಅದರಲ್ಲಿ ಇರಬೇಕು. ಹೀಗೆ, 4,800 ಡಾಲರ್ ಖರ್ಚಾದ ಮೇಲೂ ಮೊದಲ ಪಟ್ಟಿಯ ನಾಲ್ಕು ದೋಷಗಳಲ್ಲಿ ಮೂರು ಹಾಗೆಯೇ ಉಳಿದಿದ್ದವು.

ಇದಕ್ಕಿಂತ ದೊಡ್ಡ ನಷ್ಟ ಬೇರೆಯದು. 1990ರ ಆಗಸ್ಟ್ 1ಕ್ಕೆ ಮುಂಚೆ ಕಟ್ಟಿದ ಹಳೆಯ ಕೊಳಗಳಿಗೆ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ಮನೆಗೂ ಕೊಳಕ್ಕೂ ನಡುವೆ ಬೇಲಿ ಇಲ್ಲದಿದ್ದರೂ, ಕೊಳದ ಕಡೆಗೆ ತೆರೆಯುವ ಬಾಗಿಲು ಕಿಟಕಿಗಳು ಮಕ್ಕಳಿಗೆ ತೆರೆಯಲಾಗದಂತೆ ನಿಗದಿತ ರೀತಿಯಲ್ಲಿ ಭದ್ರವಾಗಿದ್ದರೆ ಸಾಕು. ನಮ್ಮ ಮನೆಯ ಹಿಂಬಾಗಿಲು ನೇರವಾಗಿ ಕೊಳದ ಅಂಗಳಕ್ಕೆ ತೆರೆಯುತ್ತದೆ. ಈ ವಿನಾಯಿತಿ ಇದ್ದುದರಿಂದಲೇ ಮೊದಲ ಪಟ್ಟಿಯಲ್ಲಿ ಅದರ ಮಾತು ಬಂದಿರಲಿಲ್ಲ. ಆದರೆ ಕೊಳವನ್ನೋ ಅದರ ಬೇಲಿಯನ್ನೋ ಬಹುಮಟ್ಟಿಗೆ ಬದಲಾಯಿಸಿ ಕಟ್ಟಿದರೆ ಹಳೆಯ ವಿನಾಯಿತಿಯನ್ನು ಕಳೆದುಕೊಳ್ಳಬೇಕಾಗಬಹುದು. ನಮ್ಮ ವಿಷಯದಲ್ಲಿ ಹಾಗೆಯೇ ಆಯಿತು. ಮೂರು ಬದಿಯ ಬೇಲಿಯನ್ನು ಕಿತ್ತು ಹೊಸದಾಗಿ ಹಾಕಿಸಿದ್ದರಿಂದ, ಇಂದಿನ ನಿಯಮದಂತೆ ಮನೆಗೂ ಕೊಳಕ್ಕೂ ನಡುವೆ ನಾಲ್ಕನೆಯ ಬದಿಯ ಬೇಲಿ ಬೇಕೆಂದು ಅಧಿಕಾರಿ ಬರೆದರು. ಅದಕ್ಕೆ ಮತ್ತೆ 3,900 ಡಾಲರ್ ಆಯಿತು. ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು: ಆ ನಾಲ್ಕನೆಯ ಬದಿ ಬಂದದ್ದು ನನ್ನ ಮನಸ್ಸಿಗೆ ನೆಮ್ಮದಿ ತಂದಿದೆ, ಮತ್ತು ಚಿಕ್ಕ ಮಕ್ಕಳಿರುವವರು ವಿನಾಯಿತಿ ಇದ್ದರೂ ಅದನ್ನು ಹಾಕಿಸುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಆದರೆ ಅದನ್ನು ತಿಳಿದು ನಿರ್ಧರಿಸುವ ಹಕ್ಕು ನಮ್ಮದಾಗಬೇಕಿತ್ತು.

ಆದುದರಿಂದ ನನ್ನ ವಿನಂತಿ ಇಷ್ಟು. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಪ್ರಮಾಣಪತ್ರದ ಶೀರ್ಷಿಕೆಯನ್ನು ನೀವೇ ಓದಿರಿ, ಅದು ನಾನ್-ಕಂಪ್ಲಯನ್ಸ್ ಆಗಿದ್ದರೆ ದೋಷಗಳ ಪಟ್ಟಿಯನ್ನು ಕನ್ವೇಯನ್ಸರ್ ಜೊತೆ ಕುಳಿತು ಚರ್ಚಿಸಿರಿ, ಮತ್ತು ಮಾರುವವರೇ ಸರಿಪಡಿಸಿಕೊಡಲಿ ಅಥವಾ ಬೆಲೆಯಲ್ಲಿ ಇಳಿಸಲಿ ಎಂದು ಕೇಳಲು ಹಿಂಜರಿಯಬೇಡಿರಿ. ದುರಸ್ತಿ ಮಾಡುವವರ ಬಾಯಿಂದ ದೋಷಗಳನ್ನು ಕೇಳಬೇಡಿರಿ. ನೋಂದಾಯಿತ ತಪಾಸಕರ ಲಿಖಿತ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಇಷ್ಟನ್ನು ಮಾತ್ರ ಮಾಡಿರೆಂದು ಹೇಳಿರಿ. ಹಳೆಯ ಕೊಳವಾದರೆ, ಬೇಲಿಯ ಒಂದು ಕಂಬವನ್ನು ಕೀಳಿಸುವ ಮುನ್ನವೂ ಕೌನ್ಸಿಲ್ಲನ್ನು ವಿಚಾರಿಸಿರಿ. ಬೇರೆ ರಾಜ್ಯಗಳಲ್ಲಿ ಪದ್ಧತಿ ಬೇರೆ: ಉದಾಹರಣೆಗೆ ವಿಕ್ಟೋರಿಯಾದಲ್ಲಿ ಪ್ರಮಾಣಪತ್ರ ಸಿಕ್ಕ 30 ದಿನಗಳೊಳಗೆ ಅದನ್ನು ಮಾಲೀಕರೇ ಕೌನ್ಸಿಲ್ಲಿಗೆ ಸಲ್ಲಿಸಬೇಕು, ಮೆಲ್ಬರ್ನಿನ ಸ್ನೇಹಿತರು ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದಿರಲಿ.

ಮರು ತಪಾಸಣೆಗೆ 100 ಡಾಲರ್ ಕೊಟ್ಟು, ಮಾರ್ಚ್ ಮೊದಲ ವಾರದಲ್ಲಿ ನಮ್ಮ ಕಂಪ್ಲಯನ್ಸ್ ಸರ್ಟಿಫಿಕೇಟ್ ಬಂದಿತು. ಅದರ ಅವಧಿ ಮೂರು ವರ್ಷ, ಆದರೆ ಆ ಮೂರು ವರ್ಷವೂ ಬೇಲಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ನಮ್ಮದೇ. ಪ್ರತಿ ಭಾನುವಾರ ಬೆಳಗ್ಗೆ ನನ್ನ ಪತಿ ಗೇಟನ್ನು ಅಂಗೈಯಷ್ಟು ತೆರೆದು ಕೈಬಿಟ್ಟು, ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಒಳಗೆ ಬರುತ್ತಾರೆ. ಹಣದ ಬಗ್ಗೆ ನಾವು ರಾಜ್ಯದ ಗ್ರಾಹಕ ಇಲಾಖೆಗೆ ದೂರು ಕೊಟ್ಟಿದ್ದೇವೆ. ನಗದಾಗಿ ಕೊಟ್ಟದ್ದಕ್ಕೆ ರಸೀದಿ ಇಲ್ಲದ ಕಾರಣ ಅದು ನಿಧಾನವಾಗಿ ಸಾಗುತ್ತಿದೆ. ನಿಮ್ಮ ಕಡತದಲ್ಲಿಯೂ ಇಂಥ ಒಂದು ಹಾಳೆ ಇದ್ದರೆ, ದಯವಿಟ್ಟು ಇಂದೇ ರಿಜಿಸ್ಟರಿನಲ್ಲಿ ನಿಮ್ಮ ವಿಳಾಸವನ್ನು ಹುಡುಕಿ ನೋಡಿರಿ.